ಕಿವಿಯಿಲ್ಲದ ಕೋವಿ

"ನಿಮ್ಮ ಮುತ್ತಜ್ಜ ಹುಲಿ ಹೊಡೆದದ್ದು ಈ ಕೋವಿಯಲ್ಲಾದರೆ, ಹೆಗ್ಡೆರೇ, ಆ ಹುಲಿ ನಗಾಡಿ ನಗಾಡಿ ಸತ್ತಿರಬೇಕು," ಎಂದ ಪುಂಡರೀಕಾಕ್ಷ ಆಚಾರಿ.

ಮಧ್ವರಾಜ ಹೆಗ್ಡೆ ಕೈಯಲ್ಲಿದ್ದ ಕಾಫಿ ಲೋಟವನ್ನು ಟೀಪಾಯಿಯ ಮೇಲೆ ಕುಟ್ಟಿ ಇಟ್ಟ. "ನಾಲಗೆ ಹಿಡಿದು ಮಾತಾಡಿ ಆಚಾರ್ರೇ. ಮನೆಗೆ ಕರೆದು ಕೂತುಕೊಳ್ಳಿ ಅಂದದ್ದು ನಮ್ಮ ಹಿರಿಯರ ಮರ್ಯಾದೆ ತೆಗೀಲಿಕ್ಕಲ್ಲ."

"ನಾನೆಂತ ತೆಗೆಯುವುದು? ಡೊಂಬಿವಲಿಯ ಗಾಲಾದಲ್ಲಿ, ಒಂದು ವರ್ಕ್‌ಶಾಪಿನಲ್ಲಿ, ಹುಟ್ಟಿದ ಕೋವಿಯನ್ನು ತಂದು ಮುತ್ತಜ್ಜನ ಹೆಗಲಿಗೆ ಏರಿಸಿದ್ದು ನೀವು."

"ಬಾಯಿಗೆ ಬಂದದ್ದು ಹೇಳ್ಬೇಡಿ. ಇದು ಊರಲ್ಲಿ ನಮ್ಮ ಗುತ್ತಿನ ಮನೆಯ, ಊರಿಗೇ ದೊಡ್ಡ ಮನೆಯ, ಚಾವಡಿಯಲ್ಲಿ ಇದ್ದದ್ದು. ನಮ್ಮ ಅಪ್ಪ ಹೇಳಿದ್ದು ಸುಳ್ಳಾ?"

"ನಿಮ್ಮಪ್ಪ ಹೇಳಿದ್ದು ಹೊಟೇಲಿನ ಗಿರಾಕಿಗಳಿಗೆ. ಗಿರಾಕಿಗಳು ಮಸಾಲೆ ದೋಸೆ ತಿಂದು ಮರೆತರು. ಮರೆಯದೆ ಕೂತವರು ನೀವೊಬ್ಬರೇ."

ಮುಂಬಯಿ ಪಕ್ಕದ ನೆರೂಳಿನಲ್ಲಿ, ಹೆಗ್ಡೆಯ ಫ್ಲ್ಯಾಟಿನ ಹಾಲಿನಲ್ಲಿ ಸೋಫಾದ ಮೇಲೆ ಹಳೆಯ ಬೆಡ್‌ಶೀಟು ಹಾಸಿ ಕೋವಿಯನ್ನು ಮಲಗಿಸಿದ್ದರು. ಆಳಿನೆತ್ತರದ ಬತ್ತಿ ಕೋವಿ ಅದು. ತೋಟೆ, ಕೇಪು ಎಲ್ಲ ಬರುವ ಮೊದಲು, ನಳಿಗೆಯೊಳಗೆ ಮದ್ದು ಜಡಿದು, ಉರಿಯುವ ಬತ್ತಿಯನ್ನು ಮುಟ್ಟಿಸಿ ಹೊಡೆಯುತ್ತಿದ್ದರಲ್ಲ, ಆ ಜಾತಿಯದು. ನಳಿಗೆಯ ಉದ್ದಕ್ಕೂ ಬೆಳ್ಳಿಯ ಬಳ್ಳಿ ಹಬ್ಬಿತ್ತು. ಮರದ ಹಿಡಿಯಲ್ಲಿ ದಂತದ ಹಾಗೆ ಕಾಣುವ ಎಲುಬಿನ ಚೂರುಗಳನ್ನು ಕೂರಿಸಿದ್ದರು. ಬೆಳ್ಳಿ ಅಲ್ಲಲ್ಲಿ ಕಪ್ಪಿಟ್ಟು, ಕಬ್ಬಿಣ ಕಂದು ತಿರುಗಿ, ನೋಡಿದವರು ಕೈಮುಗಿಯಬೇಕು, ಅಷ್ಟು ಹಳತಾಗಿ ಕಾಣುತ್ತಿತ್ತು.

ಕೈಮುಗಿಯದವನು ಪುಂಡರೀಕಾಕ್ಷ. ಅವನ ಅಪ್ಪ ಕಾರ್ಕಳದ ಹತ್ತಿರ ರೈತರ ಕೋವಿ ರಿಪೇರಿ ಮಾಡುತ್ತಿದ್ದವನು. ಕಾಡುಹಂದಿ ಓಡಿಸುವ ಕೇಪಿನ ಕೋವಿಗಳ ನಡುವೆಯೇ ಮಗ ಬೆಳೆದ. ಏಳನೆಯ ಕ್ಲಾಸಿಗೆ ಶಾಲೆ ಮುಗಿಸಿ ಮುಂಬಯಿಗೆ ಬಂದು, ಕಾರ್ಖಾನೆಯಲ್ಲಿ ಫಿಟ್ಟರನಾಗಿ ದುಡಿದು, ಅದು ಬಾಗಿಲು ಹಾಕಿದ ಮೇಲೆ ಬೆಲೆ ಕಟ್ಟುವ ಕೆಲಸಕ್ಕೆ ನಿಂತ. ಸಿನೆಮಾದ ಸೆಟ್ಟಿನವರು, ರೆಸಾರ್ಟಿನವರು, ಹೊಟೇಲಿನ ಗೋಡೆ ಸಿಂಗರಿಸುವ ಕಂತ್ರಾಟುದಾರರು ಹಳೆಯ ಕೋವಿಗಳ ನಕಲು ಕೊಳ್ಳುವ ಮೊದಲು ಅವನನ್ನು ಕರೆಯುತ್ತಿದ್ದರು. ಯಾವುದು ಕೈಕೆಲಸ, ಯಾವುದು ಅಚ್ಚಿನಲ್ಲಿ ಎರಕ ಹೊಯ್ದದ್ದು, ಯಾವುದು ಬೆಳ್ಳಿ, ಯಾವುದು ಬರೇ ಬಣ್ಣ ಎಂದು ನೋಡಿ ಕಾರ್ಬನ್ ಇಟ್ಟು ಚೀಟಿ ಬರೆದುಕೊಡುತ್ತಿದ್ದ. ಅವನ ಮಾತು ಮುಳ್ಳು. ಆದರೆ ಚೀಟಿ ಸುಳ್ಳಾದದ್ದಿಲ್ಲ.

ಈಗ ನೆರೂಳಿನ ಕನ್ನಡ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬುವ ಸಂಭ್ರಮ. 'ನಮ್ಮ ಮನೆಯ ಹಳೆಯ ವಸ್ತುಗಳು' ಎಂದೊಂದು ಪ್ರದರ್ಶನ. ಬಂದದ್ದೆಲ್ಲ ತಾಮ್ರದ ಕೊಪ್ಪರಿಗೆ, ಸೇರು, ತಾಳೆಗರಿ. ಹೆಗ್ಡೆಗೆ ಅದು ಸಾಲದು. ಗುತ್ತಿನ ಮನೆಯ ಕೋವಿ ನಡುಮಧ್ಯೆ ಗಾಜಿನ ಪೆಟ್ಟಿಗೆಯಲ್ಲಿ ಇರಬೇಕು. ವಸ್ತುವಿನ ಬಗ್ಗೆ ತಿಳಿದವರದ್ದೊಂದು ಪತ್ರ ಬೇಕು ಎಂದು ಸಂಘದವರು ಕೇಳಿದ್ದರಿಂದ ಆಚಾರಿಯನ್ನು ಕರೆಸಿದ್ದ.

ಕರೆಸಿದವನಿಗೆ ಒಂದು ಗೊತ್ತಿರಲಿಲ್ಲ. ಕೋವಿಯನ್ನು ಕಂಡ ಕೂಡಲೇ ಪುಂಡರೀಕಾಕ್ಷನಿಗೆ, ದಾರಿಯಲ್ಲಿ ನೆಂಟರ ಮಗಳು ಎದುರಾದ ಹಾಗೆ ಗುರುತು ಸಿಕ್ಕಿತ್ತು. ಬಳ್ಳಿಯಲ್ಲಿದ್ದದ್ದು ಅಬ್ಬಲಿಗೆ ಹೂ, ಬೇರೆ ಕಡೆ ಕನಕಾಂಬರ ಅನ್ನುವುದು. ಉತ್ತರದ ಹಳೆಯ ಕೋವಿಗಳಲ್ಲಿ ಬೇರೆ ಬೇರೆ ಹೂಗಳಿರುತ್ತವೆ, ಅಬ್ಬಲಿಗೆ ಅವನು ಎಲ್ಲೂ ಕಂಡದ್ದಿಲ್ಲ. ಕಬ್ಬಿಣದ ಮೇಲೆ ಅಬ್ಬಲಿಗೆ ಬಿಡಿಸುವವನು ಒಬ್ಬನೇ. ಪುಂಡರೀಕಾಕ್ಷನ ಜೊತೆ ಒಂದೇ ಬೆಂಚಿನಲ್ಲಿ ಕೂತು ಮಗ್ಗಿ ಕಲಿತ, ಒಂದೇ ಬಸ್ಸಿನಲ್ಲಿ ಮುಂಬಯಿಗೆ ಬಂದ ಅಂಗಾರ.

"ಇದು ಎರಡು ಸಾವಿರದ ಒಂದನೇ ಇಸವಿಯದ್ದು," ಎಂದ ಪುಂಡರೀಕಾಕ್ಷ. "ನಿಮ್ಮ ವಾಶಿ ಹೊಟೇಲಿನ ಫ್ಯಾಮಿಲಿ ರೂಮಿಗೆ ಕಂತ್ರಾಟುದಾರ ತಂದದ್ದು. ಚೀಟಿ ಬರೆದದ್ದು ನಾನೇ. ಪ್ರತಿ ನನ್ನ ಕಪಾಟಿನಲ್ಲಿ ಉಂಟು."

"ಹನ್ನೆರಡು ವರ್ಷದಲ್ಲಿ ಕಬ್ಬಿಣ ಹೀಗಾಗ್ತದಾ?"

"ಅದನ್ನು ನಿಮ್ಮ ಮನೆಯವರ ಹತ್ರ ಕೇಳಿ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಗ್ಡೆಯ ಹೆಂಡತಿ ಊರ್ಮಿಳಾ ಬೆಚ್ಚಿದಳು. "ನಾನೆಂತ ಮಾಡಿದೆ?"

"ಆಯುಧಪೂಜೆಗೆ ಇದನ್ನು ಹೇಗೆ ತೊಳೀತೀರಿ ಅಮ್ಮ?"

"ದೇವರ ದೀಪ ತೊಳೆದ ಹಾಗೆಯೇ. ಹುಣಸೆಹುಳಿ, ಉಪ್ಪು ಹಾಕಿ ತೆಂಗಿನ ನಾರಲ್ಲಿ ಉಜ್ಜುವುದು. ಮತ್ತೆ ತೆಂಗಿನೆಣ್ಣೆ, ಅರಶಿನ ಕುಂಕುಮ. ಅತ್ತೆ ಇದ್ದಾಗ್ಲೇ ಹಾಗೆ."

"ಕೇಳಿದ್ರಾ? ಹನ್ನೆರಡು ನವರಾತ್ರಿಯ ಹುಳಿ ತಿಂದ ಕಬ್ಬಿಣ ಇದು. ಕೈ ಹಿಡಿದು ಸವೆದ ಕೋವಿ ಹಿಡಿಯುವಲ್ಲಿ ಸವೆದಿರ್ತದೆ. ಇದು ಪಾತ್ರೆಯ ಹಾಗೆ ಸುತ್ತ ಸವೆದಿದೆ."

ಇಷ್ಟಕ್ಕೆ ಪುಂಡರೀಕಾಕ್ಷ ಸುಮ್ಮನಾಗಿ ಎದ್ದು ಬಂದಿದ್ದರೆ ಮುಂದಿನದ್ದು ಏನೂ ಆಗುತ್ತಿರಲಿಲ್ಲ. ಆದರೆ ಹೆಗ್ಡೆ ನಕ್ಕ. ದುಡ್ಡಿರುವವರು ಕೆಲಸದವರ ಮುಂದೆ ನಗುತ್ತಾರಲ್ಲ, ಹಲ್ಲು ಕಾಣದ ಹಾಗೆ, ಹಾಗೆ ನಕ್ಕ. "ಡೊಂಬಿವಲಿಯಲ್ಲಿ ಇಂಥದ್ದು ಮಾಡುವವರು ಯಾರು ಮಾರಾಯ್ರೆ? ಅಲ್ಲಿ ಕೆಮಿಕಲ್ ವಾಸನೆ ಬಿಟ್ರೆ ಎಂತ ಉಂಟು?"

ಪುಂಡರೀಕಾಕ್ಷನ ನೆತ್ತಿಗೆ ರಕ್ತ ಏರಿತು. "ಎಂತ ಉಂಟಾ? ಅಂಗಾರ ಉಂಟು. ಎಮ್‌ಐಡಿಸಿ ಕಾರ್ಖಾನೆ ವಠಾರದ ಎರಡನೇ ಫೇಸಿನಲ್ಲಿ ಗಾಲಾ ಹಾಕಿ ಕೂತಿದ್ದಾನೆ. ಉದಯಪುರದ ಮುದುಕನೊಬ್ಬ ಕಲ್ಯಾಣದಲ್ಲಿದ್ದ, ಅವನ ಕಾಲಬುಡದಲ್ಲಿ ಆರು ವರ್ಷ ಕೂತು, ಕಬ್ಬಿಣಕ್ಕೆ ಗೀರು ಹಾಕಿ ಬೆಳ್ಳಿತಂತಿ ಕುಟ್ಟಿ ಕೂರಿಸುವುದನ್ನು ಕಲಿತವನು. ಈ ಕೋವಿ ಅವನದ್ದು. ಇನ್ನೂ ಸಂಶಯ ಇದ್ದರೆ ಇಲ್ಲಿ ನೋಡಿ," ಎಂದು ಕೋವಿಯನ್ನು ಮಗ್ಗುಲಿಗೆ ತಿರುಗಿಸಿದ. ನಳಿಗೆಯ ಬುಡದಲ್ಲಿ, ಮದ್ದಿನ ಪುಟ್ಟ ಬಟ್ಟಲಿನ ಪಕ್ಕ ಬೆರಳಿಟ್ಟ. "ಬತ್ತಿಯ ಬೆಂಕಿ ಒಳಗೆ ಹೋಗಲಿಕ್ಕೆ ಇಲ್ಲೊಂದು ತೂತು ಇರಬೇಕು. ನಮ್ಮಪ್ಪ ಅದಕ್ಕೆ ಕಿವಿ ಅನ್ನುತ್ತಿದ್ದರು. ಇದಕ್ಕೆ ಕಿವಿಯೇ ಇಲ್ಲ. ಅಂಗಾರ ತೂತು ಕೊರೆಯುವುದಿಲ್ಲ. ಕೊರೆದರೆ ಅದು ಆಯುಧ, ಲೈಸೆನ್ಸು ಬೇಕು. ಕೊರೆಯದಿದ್ದರೆ ಬರೇ ಚಂದ. ಈಗ ಹೇಳಿ, ಕಿವಿಯಿಲ್ಲದ ಕೋವಿಯಿಂದ ನಿಮ್ಮ ಮುತ್ತಜ್ಜ ಹುಲಿ ಹೊಡೆದದ್ದು ಹೇಗೆ? ಬೆನ್ನಿಗೆ ಬಡಿದಾ?"

ಹೆಗ್ಡೆ ಕನ್ನಡಕ ಹಾಕಿಕೊಂಡು ಬೆರಳಿಟ್ಟ ಜಾಗವನ್ನು ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ.

ಅವಮಾನದಿಂದ ತಲೆ ತಗ್ಗಿಸಿದ ಎಂದುಕೊಂಡು ಪುಂಡರೀಕಾಕ್ಷ ಚಪ್ಪಲಿ ಮೆಟ್ಟಿ ಹೊರಟ. ಠಾಣೆ ಪೇಟೆಗೆ ಹೋಗುವ ಲೋಕಲ್ ಗಾಡಿಯಲ್ಲಿ ಸೀಟು ಸಿಕ್ಕಿತು. ಇಡೀ ದಾರಿ ಒಳಗೊಳಗೇ ಬೀಗುತ್ತಿದ್ದ.

ಮೂರು ವಾರ ಕಳೆದ ಮೇಲೆ ಹೆಗ್ಡೆಯ ಫೋನು ಬಂತು. ಸ್ವರದಲ್ಲಿ ಬೆಣ್ಣೆ. "ಆಚಾರ್ರೇ, ಆ ದಿವಸ ನನ್ನದೂ ತಪ್ಪಾಯ್ತು. ಇನ್ನೊಂದು ಸಲ ಬಂದು ಸರಿಯಾಗಿ ನೋಡಿ. ಬೆಳಕು ಕಡಿಮೆ ಇತ್ತೋ ಏನೋ."

ಬೆಳಕಿಗೆ ಎಂತ ರೋಗ ಬಂದಿತ್ತು ಎಂದು ಗೊಣಗಿಕೊಂಡೇ ಪುಂಡರೀಕಾಕ್ಷ ಹೋದ. ಅದೇ ಸೋಫಾ, ಅದೇ ಬೆಡ್‌ಶೀಟು. ಹೆಗ್ಡೆ ಕೋವಿಯನ್ನು ತಾನೇ ಮಗ್ಗುಲಿಗೆ ತಿರುಗಿಸಿ ತೋರಿಸಿದ.

ಬಟ್ಟಲಿನ ಪಕ್ಕ ಒಂದು ತೂತಿತ್ತು. ಎಳ್ಳುಕಾಳಿನಷ್ಟು, ಅಂಚಿನಲ್ಲಿ ತುಕ್ಕು ಹಿಡಿದ, ನೂರಾರು ಸಲ ಬೆಂಕಿ ಕಂಡ ಹಾಗೆ ಮಸಿಗಟ್ಟಿದ ತೂತು.

ಪುಂಡರೀಕಾಕ್ಷನಿಗೆ ಮೊದಲು ಬಂದದ್ದು ಸಿಟ್ಟಲ್ಲ, ನಾಚಿಕೆ. ಸುಳ್ಳು ಎಲ್ಲಿ ಸೋರುತ್ತದೆ ಎಂದು ಸುಳ್ಳುಗಾರನಿಗೆ ಬೆರಳಿಟ್ಟು ತೋರಿಸಿಕೊಟ್ಟವನು ತಾನೇ. ತನ್ನ ಬಾಯಿಗೆ ಯಾರಾದರೂ ಬೀಗ ಹಾಕಬಾರದಿತ್ತೇ?

"ಅಮ್ಮ, ಒಂದು ಹಿಡಿಸೂಡಿ ಕಡ್ಡಿ ಕೊಡಿ," ಎಂದ ಊರ್ಮಿಳಾಳಿಗೆ.

ಅವಳು ಗಂಡನ ಮುಖ ನೋಡಿ, ತೆಂಗಿನ ಪೊರಕೆಯಿಂದ ಒಂದು ಕಡ್ಡಿ ಕಿತ್ತು ತಂದಳು. ಪುಂಡರೀಕಾಕ್ಷ ಅದರ ತುದಿಯನ್ನು ಉಗುರಿನಿಂದ ಸಿಗಿದು ಸಪುರ ಮಾಡಿ ತೂತಿಗೆ ಇಳಿಸಿದ. ಅಕ್ಕಿಕಾಳಿನಷ್ಟು ಒಳಹೋಗಿ ನಿಂತಿತು. ಒತ್ತಿದ. ಕಡ್ಡಿ ಬಾಗಿತು, ಮುಂದೆ ಹೋಗಲಿಲ್ಲ. ಹೊರಗೆ ಮಾತ್ರ ಕಿವಿ, ಒಳಗೆ ಕಿವುಡು.

ಆಮೇಲೆ ಅವನು ಮಾತಾಡದೆ ಮೂರು ಹಿತ್ತಾಳೆ ಪಟ್ಟಿಗಳನ್ನು ಸರಿಸಿ ನಳಿಗೆಯನ್ನು ಮರದಿಂದ ಬಿಡಿಸಿದ. ಇದೊಂದನ್ನು ಅವನು ಹಿಂದಿನ ಸಲ ಬಾಯಿ ಬಿಟ್ಟು ಹೇಳಿರಲಿಲ್ಲ. ನಳಿಗೆಯ ಅಡಿಯಲ್ಲಿ, ಮರ ಮುಚ್ಚುವ ಜಾಗದಲ್ಲಿ, ಅಂಗಾರ ಯಾವಾಗಲೂ ಮೂರು ಚುಕ್ಕಿ, ಒಂದು 'ಅಂ', ಮತ್ತೆ ಇಸವಿ ಕುಟ್ಟುತ್ತಿದ್ದ. ಕೊಂಡವರಿಗೆ ಕಾಣದು. ಅಂಗಾರನಿಗೆ ಗೊತ್ತು, ಪುಂಡರೀಕಾಕ್ಷನಿಗೆ ಗೊತ್ತು, ಮೂರನೆಯವರಿಗೆ ಗೊತ್ತಿಲ್ಲ.

ಆ ಜಾಗವನ್ನು ಅರದಿಂದ ಉಜ್ಜಿ ನುಣ್ಣಗೆ ಮಾಡಿದ್ದರು. ಮೇಲೆ ಹುಳಿ ಹಚ್ಚಿ ತುಕ್ಕು ಬರಿಸಿದ್ದರು.

ತೂತನ್ನು ಯಾರು ಬೇಕಾದರೂ ಕೊರೆಯಬಹುದು. ಈ ಗುರುತನ್ನು ಅಳಿಸಬಲ್ಲವನು ಒಬ್ಬನೇ.

"ಪತ್ರ ಬರೀತೀರಾ ಆಚಾರ್ರೇ?" ಎಂದ ಹೆಗ್ಡೆ. "ನೀವು ಬರೆಯದಿದ್ರೂ ಪರವಾಗಿಲ್ಲ. ಠಾಣೆ ಪೇಟೆಯಿಂದ ಒಬ್ಬ ವ್ಯಾಲ್ಯೂವರ್ ಬಂದಿದ್ದ. ಒಳ್ಳೇ ಇಂಗ್ಲಿಷಿನಲ್ಲಿ ಕೊಟ್ಟಿದ್ದಾನೆ, ಇನ್ನೂರು ವರ್ಷ ಅಂತ. ಊರಿನವರದ್ದೂ ಒಂದು ಇರಲಿ ಅಂತ ನಿಮ್ಮನ್ನು ಕರೆದದ್ದು."

"ಅವನು ನಳಿಗೆ ಬಿಚ್ಚಿದನಾ?"

"ಬಿಚ್ಚುವುದೆಂತಕ್ಕೆ? ನೋಡಿದರೆ ಗೊತ್ತಾಗ್ತದೆ ಅಂದ."

"ಹಾಗಾದರೆ ಅವನ ಪತ್ರವನ್ನೇ ಗಾಜಿನ ಪೆಟ್ಟಿಗೆಯಲ್ಲಿಡಿ. ಕೋವಿಗಿಂತ ದೊಡ್ಡ ನಕಲು ಅದು," ಎಂದು ಪುಂಡರೀಕಾಕ್ಷ ಎದ್ದ. ಹಿಡಿಸೂಡಿ ಕಡ್ಡಿಯನ್ನು ಅಂಗಿಯ ಕಿಸೆಗೆ ಸಿಕ್ಕಿಸಿಕೊಂಡ. ಯಾಕೆ ಎಂದು ಅವನಿಗೇ ಗೊತ್ತಿರಲಿಲ್ಲ.

ಡೊಂಬಿವಲಿ ಸ್ಟೇಶನ್ನಿನಿಂದ ರಿಕ್ಷಾ ಹಿಡಿದು ನೇರ ಗಾಲಾಕ್ಕೆ ಹೋದ. ತಗಡಿನ ಮಾಡು, ಒಂದು ಬಾಗಿಲು, ಒಂದು ಕಿಟಕಿ. ಕಿಟಕಿಯ ಕೆಳಗೆ ಅಂಗಾರ ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಹೊಸ ನಳಿಗೆಯ ಮೇಲೆ ಗೀರು ಹಾಕುತ್ತಿದ್ದ. ಅವನ ಹೆಂಡತಿ ಜಯಲತಾ ಬುತ್ತಿ ತಂದು ಸ್ಟೂಲಿನ ಮೇಲೆ ಕೂತಿದ್ದಳು.

"ಬಾ ಆಚಾರಿ," ಎಂದ ಅಂಗಾರ ತುಳುವಿನಲ್ಲಿ. ಇಬ್ಬರೂ ಮಾತಾಡುವುದು ತುಳುವಿನಲ್ಲಿಯೇ. ಜಗಳವೂ ಅದರಲ್ಲೇ. "ಮುಖ ಎಂತ ಕಾದ ಕಾವಲಿ ಹಾಗೆ ಆಗಿದೆ?"

"ನಾಚಿಕೆ ಆಗುವುದಿಲ್ಲವಾ ನಿನಗೆ?"

ಅಂಗಾರ ಉಳಿ ಕೆಳಗಿಟ್ಟ. ಏನೆಂದು ಕೇಳಲಿಲ್ಲ. "ಕಡ್ಡಿ ಹಾಕಿ ನೋಡಿದ್ಯಾ?"

"ನೋಡಿದೆ."

"ಎಷ್ಟು ಹೋಯ್ತು?"

"ಅಕ್ಕಿಕಾಳಿನಷ್ಟು."

"ಹಾಂ," ಎಂದ ಅಂಗಾರ. ಮುಖದಲ್ಲಿ ಸಣ್ಣ ಸಮಾಧಾನ ಕಾಣಿಸಿತು. "ಅದಕ್ಕಿಂತ ಒಳಗೆ ಕೊರೆಯಲಿಲ್ಲ. ಎಷ್ಟು ಹೇಳಿದರೂ ಕೊರೆಯಲಿಲ್ಲ."

"ದೊಡ್ಡ ಸತ್ಯವಂತ ನೀನು. ನಿನ್ನ ಹೆಸರನ್ನು ನಿನ್ನ ಕೈಯಾರೆ ಉಜ್ಜಿ ತೆಗೆದೆಯಲ್ಲ, ಅದಕ್ಕೆಂತ ಹೇಳ್ತೀ? ಎಷ್ಟು ಕೊಟ್ಟ ಆ ಹೊಟ್ಲಿನವನು?"

"ಅಣ್ಣ, ಹಾಗೆ ಹೇಳ್ಬೇಡಿ," ಎಂದಳು ಜಯಲತಾ. "ಕೊಡ್ಲಿಕ್ಕೆ ಬಂದಿದ್ರು. ಇವರು ಮುಟ್ಲಿಲ್ಲ."

ಪುಂಡರೀಕಾಕ್ಷನಿಗೆ ಇದು ಇನ್ನೂ ಕೆಟ್ಟದ್ದಾಗಿ ಕೇಳಿಸಿತು. ದುಡ್ಡಿಗೆ ಮಾಡಿದ್ದರೆ ಬೈದು ಮುಗಿಸಬಹುದಿತ್ತು. "ಮತ್ತೆ ಯಾಕೆ ಮಾಡಿದಿ?"

ಅಂಗಾರ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ. "ಆ ಗುತ್ತಿನ ಮನೆ ಗೊತ್ತುಂಟಲ್ಲ ನಿನಗೆ. ಶಾಲೆಗೆ ಹೋಗುವಾಗ ಅದರ ಕೆಳಗಿನ ದಾರಿಯಲ್ಲೇ ಹೋಗ್ತಿದ್ದದ್ದು ನಾವು. ನೀನು ಮೇಲೆ ಹತ್ತಿ ಜಗಲಿಯಲ್ಲಿ ನೀರು ಕುಡೀತಿದ್ದಿ. ನಾನು ಕೆಳಗೆ ನಿಲ್ಲುತ್ತಿದ್ದೆ. ನನ್ನಪ್ಪ ಅಂಗಳದ ತುದಿಯಲ್ಲಿ ಹೆಡಗೆ ಇಳಿಸಿ, ಅಲ್ಲಿಂದಲೇ ವಾಪಸು. ಚಾವಡಿ ಹೇಗಿರ್ತದೆ ಅಂತ ಅವರು ನೋಡದೆಯೇ ಸತ್ತರು. ಮೊನ್ನೆ ಆ ಮನೆಯವನು ಇದೇ ಸ್ಟೂಲಿನಲ್ಲಿ ಕೂತು, ಅಂಗಾರಣ್ಣ, ನಿಮ್ಮ ಕೋವಿ ನಮ್ಮ ಚಾವಡಿಯದ್ದಾಗಲಿ ಅಂದ. ಅಂಗಾರಣ್ಣ ಅಂದ ಆಚಾರಿ, ಬಾಯಿ ತುಂಬ. ನನ್ನ ಕೋವಿ ಚಾವಡಿ ಹತ್ತುವುದಾದರೆ ಹತ್ತಲಿ ಅನ್ನಿಸಿತು."

"ಹತ್ತುವುದು ನಿನ್ನ ಕೋವಿಯಲ್ಲ ಮಾರಾಯ. ನಿನ್ನದಲ್ಲ ಅಂತ ಆದ ಮೇಲೆಯೇ ಅದು ಹತ್ತುವುದು. ನಿನ್ನದು ಅಂತಾದರೆ ಇವತ್ತಿಗೂ ಅಂಗಳದ ತುದಿಯೇ."

ಅಂಗಾರ ಎದ್ದು, ಗೋಡೆಯ ಮೊಳೆಗೆ ಸಿಕ್ಕಿಸಿದ್ದ ಚೀಟಿಗಳ ಕಟ್ಟನ್ನು ತೆಗೆದು ಪುಂಡರೀಕಾಕ್ಷನ ಮುಂದೆ ಹಿಡಿದ. ಎಲ್ಲ ಪುಂಡರೀಕಾಕ್ಷನೇ ಬರೆದು ಅಂಗಾರನಿಗೂ ಒಂದೊಂದು ಪ್ರತಿ ಕೊಟ್ಟಿದ್ದ ಚೀಟಿಗಳು. "ಓದು. ಮೂವತ್ತೆಂಟು ಕೋವಿಗೆ ಬೆಲೆ ಕಟ್ಟಿದ್ದೀ. ಪ್ರತಿಯೊಂದರಲ್ಲೂ ಮೊದಲನೇ ಶಬ್ದ ಎಂತದು?"

ಓದಬೇಕಾಗಿರಲಿಲ್ಲ. ನಕಲು. 'ನಕಲು, ಕೈಕೆಲಸ, ಬೆಳ್ಳಿ ನೈಜ.' ಆಮೇಲೆ ಅಂಕಿ. ಅಷ್ಟೇ.

"ಒಂದರಲ್ಲಾದರೂ ಚಂದ ಉಂಟು ಅಂತ ಬರೆದಿದ್ದೀಯಾ? ಠಾಣೆಯವನು ನೋಡು, ಇಂಗ್ಲಿಷಿನಲ್ಲಿ ಒಂದು ಇಡೀ ಪುಟ ಬರೆದಿದ್ದಾನೆ. ಹೆಗ್ಡೆ ಕಳಿಸಿದ ಪ್ರತಿಯನ್ನು ಜಯಲತಾ ಓದಿ ಹೇಳಿದಳು. ಇಂಥ ಬಳ್ಳಿ ತಾನು ಎಲ್ಲೂ ನೋಡಿಲ್ಲ ಅಂತ ಬರೆದಿದ್ದಾನೆ. ನಾನು ಮೂರು ಸಲ ಓದಿಸಿದೆ."

"ನಕಲು ಅಂತ ಬರೆದದ್ದು ನಿನ್ನ ಹೆಸರು ಉಳಿಯಲಿ ಅಂತ ಮಾರಾಯ," ಎಂದು ಪುಂಡರೀಕಾಕ್ಷ ಗುಡುಗಿದ. "ನಕಲಾದರೆ ಮಾಡಿದವನು ಡೊಂಬಿವಲಿಯ ಅಂಗಾರ. ಅಸಲಾದರೆ ಮಾಡಿದವನು ಯಾರೋ, ಸತ್ತು ಇನ್ನೂರು ವರ್ಷ ಆಗಿದೆ. ಅಷ್ಟು ತಿಳಿಯುವುದಿಲ್ಲವಾ ನಿನಗೆ?"

"ನಿನಗೆ ತಿಳಿಯುತ್ತಿದ್ದರೆ ಅದನ್ನೇ ಚೀಟಿಯಲ್ಲಿ ಬರೀಬೇಕಿತ್ತು."

ಉತ್ತರ ಬಾರದಿದ್ದಾಗ ಪುಂಡರೀಕಾಕ್ಷ ಹೆಚ್ಚು ಜೋರಾಗಿ ಮಾತಾಡುವವನು. "ಭಾನುವಾರ ಪ್ರದರ್ಶನ. ನಾನು ಹೋಗುತ್ತೇನೆ. ಎಲ್ಲರ ಮುಂದೆ ಕಡ್ಡಿ ಹಾಕುತ್ತೇನೆ. ನೋಡ್ತಾ ಇರು."

"ಹಾಕಬೇಡ," ಎಂದ ಅಂಗಾರ ಮೆಲ್ಲಗೆ. "ಒಂದು ದಿವಸ ನೋಡಿಕೊಂಡು ಬರುತ್ತೇನೆ. ಕೋಟು ಹಾಕಿದವರೆಲ್ಲ ಬಗ್ಗಿ ನೋಡುವುದನ್ನು ಒಂದು ಸಲ ನೋಡಬೇಕು ನನಗೆ. ಆಮೇಲೆ ನೀನು ಕಡ್ಡಿಯಾದರೂ ಹಾಕು, ಹಾರೆಯಾದರೂ ಹಾಕು."

ಭಾನುವಾರ ಬೆಳಿಗ್ಗೆ ಹತ್ತೂವರೆಗೆ ನೆರೂಳಿನ ಸಭಾಗೃಹ ತುಂಬಿತ್ತು. ಹೊರಗೆ ಚಪ್ಪಲಿಗಳ ರಾಶಿ, ಒಳಗೆ ಮಲ್ಲಿಗೆ, ಉಪ್ಪಿಟ್ಟಿನ ವಾಸನೆ. ವೇದಿಕೆಯ ಕೆಳಗೆ ಮೇಜುಗಳ ಮೇಲೆ ಕೊಪ್ಪರಿಗೆ, ಸೇರು, ಅಡಕತ್ತರಿ. ನಡುವೆ ಗಾಜಿನ ಪೆಟ್ಟಿಗೆ, ಒಳಗೆ ಮಖಮಲ್ಲಿನ ಮೇಲೆ ಕೋವಿ. ಪಕ್ಕದಲ್ಲಿ ಕಾರ್ಡು: 'ಗುತ್ತಿನ ಮನೆಯ ಬತ್ತಿ ಕೋವಿ, ಸುಮಾರು ೧೮೧೦.' ಹೆಗ್ಡೆ ರೇಶ್ಮೆ ಶಾಲು ಹೊದ್ದು ಪೆಟ್ಟಿಗೆಯ ಪಕ್ಕ ನಿಂತು ಹುಲಿಯ ಕಥೆ ಹೇಳುತ್ತಿದ್ದ. ಹುಲಿ ಒಂದಿದ್ದದ್ದು ಎರಡಾಗಿತ್ತು.

ಅಂಗಾರ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ ಮೂರನೇ ಸಾಲಿನ ತುದಿಯಲ್ಲಿ ಕೂತಿದ್ದ. ಪುಂಡರೀಕಾಕ್ಷ ಅವನ ಹಿಂದಿನ ಸಾಲಿನಲ್ಲಿ, ಕಿಸೆಯಲ್ಲಿ ಹಿಡಿಸೂಡಿ ಕಡ್ಡಿ ಇಟ್ಟುಕೊಂಡು, ಅವಡುಗಚ್ಚಿ ಕೂತಿದ್ದ. ಜನ ಬಂದು ಗಾಜಿಗೆ ಮೂಗು ತಾಗಿಸಿ ನೋಡುತ್ತಿದ್ದರು. ಡಾಕ್ಟರೊಬ್ಬರು ಹೆಂಡತಿಯನ್ನು ಕರೆದು ತೋರಿಸಿದರು. ಕಾಲೇಜಿನ ಹುಡುಗಿಯರು ಹಿಂದಿಯಲ್ಲಿ ಏನೋ ಮೆಚ್ಚಿ ಮಾತಾಡುತ್ತ ಮೊಬೈಲಿನಲ್ಲಿ ಫೋಟೋ ತೆಗೆದರು. ಒಬ್ಬೊಬ್ಬರು ಬಗ್ಗಿದಾಗಲೂ ಅಂಗಾರನ ಕಿವಿಯ ತುದಿ ಕೆಂಪಾಗುತ್ತಿತ್ತು. ಹಿಂದಿನಿಂದ ಅದು ಪುಂಡರೀಕಾಕ್ಷನಿಗೆ ಕಾಣುತ್ತಿತ್ತು. ಎರಡು ಸಲ ಎದ್ದು ಕೂಗಬೇಕೆಂದು ಮೊಣಕಾಲು ನೆಟ್ಟಗೆ ಮಾಡಿದವನು ಎರಡು ಸಲವೂ ಕೂತ.

ಸಂಘದ ಅಧ್ಯಕ್ಷ ಅಂಬಾರಾಯರು ಮೈಕಿನ ಮುಂದೆ ಬಂದರು. ಕಲಬುರಗಿ ಕಡೆಯ ಹಿರಿಯರು, ಬ್ಯಾಂಕಿನಿಂದ ನಿವೃತ್ತರು. ಮನಸ್ಸಿನಲ್ಲಿ ಕಪಟ ಇಟ್ಟುಕೊಂಡು ಗೊತ್ತಿಲ್ಲದವರು.

"ಈ ಕೋವಿ ಮುಂದ ನಾ ಮುಂಜಾನಿಂದ ಮೂರು ಸಲ ಬಂದು ನಿಂತೀನಿ," ಎಂದರು. "ಹುಲಿ ಸುದ್ದಿ ಬಿಡ್ರಿ. ಈ ಬಳ್ಳಿ ನೋಡ್ರಿ. ಒಂದು ಎಲಿ ಇನ್ನೊಂದು ಎಲಿಯಂಗ ಇಲ್ಲ. ಕಬ್ಬಣದ ಮ್ಯಾಲೆ ಹೂ ಅರಳಿಸ್ಯಾನ ಪುಣ್ಯಾತ್ಮ."

ಅಂಗಾರ ತಲೆ ತಗ್ಗಿಸಿದ. ಅವನ ಭುಜ ಅಲುಗಿತು.

"ಇಂಥಾ ಕೈ ಈಗ ಎಲ್ಲಿ ಅದಾವ್ರಿ?" ಅಂಬಾರಾಯರ ಸ್ವರ ಏರಿತು. "ಇಡೀ ಮುಂಬಯಿ ಜಾಲಾಡಿದರೂ ಇಂಥವ ಒಬ್ಬ ಸಿಗಂಗಿಲ್ಲ. ಈಗಿನ ಮಂದಿಗಿ ಬರೇ ಮಷೀನು, ಬರೇ ಗಡಿಬಿಡಿ. ಈ ಕೆಲಸ ಅವರ ಕೈಯಿಂದ ಆಗೂದಿಲ್ಲ. ಆ ಕೈಗಳು ಹ್ವಾದುವು. ಮಣ್ಣಾಗಿ ಹ್ವಾದುವು."

ಜನ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ಹೆಗ್ಡೆ. ಮೂರನೇ ಸಾಲಿನ ತುದಿಯ ಕಡೆಗೆ ಅವನ ಕಣ್ಣು ಒಮ್ಮೆ ಹೋಯಿತು, ಅಲ್ಲಿ ಕೂತವನನ್ನು ಗುರುತೇ ಇಲ್ಲದವರ ಹಾಗೆ ದಾಟಿ ಮುಂದೆ ಹೋಯಿತು.

ಅಂಗಾರ ತನ್ನ ಎರಡೂ ಕೈಗಳನ್ನು ತೊಡೆಯ ಮೇಲೆ ಅಂಗಾತ ಇಟ್ಟು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಎದ್ದ. ಪಕ್ಕದವರ ಕಾಲು ತುಳಿಯದ ಹಾಗೆ ಜಾಗ್ರತೆಯಿಂದ ಸಾಲು ದಾಟಿ, ಹಿಂದೆ ನೋಡದೆ ಬಾಗಿಲ ಕಡೆಗೆ ನಡೆದ.

ಪುಂಡರೀಕಾಕ್ಷ ಕುರ್ಚಿ ಹಿಂದೆ ತಳ್ಳಿ ಎದ್ದ.

"ಅಂಬಾರಾಯರೇ, ಆ ಕೈ ಮಣ್ಣಾಗಲಿಲ್ಲ," ಎಂದು ಕೂಗಿದ. "ಅಗೋ, ಬಾಗಿಲಲ್ಲಿ ಚಪ್ಪಲಿ ಹುಡುಕ್ತಾ ಉಂಟು."

ಮುನ್ನೂರು ತಲೆಗಳು ಬಾಗಿಲ ಕಡೆ ತಿರುಗಿದವು. ಬಾಗಿಲಲ್ಲಿ ಬಿಸಿಲು ಮಾತ್ರ ಇತ್ತು.

"ಆಚಾರ್ರಿಗೆ ಮೊದಲಿನಿಂದಲೂ ನಮ್ಮ ಮೇಲೆ ಹೊಟ್ಟೆಕಿಚ್ಚು," ಎಂದು ಹೆಗ್ಡೆ ನಕ್ಕು ಜನರಿಗೆ ಹೇಳಿದ. "ಕೂತುಕೊಳ್ಳಿ ಆಚಾರ್ರೇ, ಪ್ರೆಶರ್ ಏರ್ತದೆ."

"ನನ್ನ ಪ್ರೆಶರ್ ನಾನು ನೋಡಿಕೊಳ್ತೇನೆ. ನೀವು ಪೆಟ್ಟಿಗೆ ತೆಗೀರಿ."

"ಮುಟ್ಟಲಿಕ್ಕಿಲ್ಲ. ಇನ್ನೂರು ವರ್ಷದ್ದು ಅದು."

"ಮಧ್ವರಾಜ್, ಪೆಟ್ಟಿಗಿ ತೆಗೀರಿ," ಎಂದರು ಅಂಬಾರಾಯರು ಮೈಕಿನಲ್ಲಿಯೇ. ಮೈಕಿನಲ್ಲಿ ಹೇಳಿದ್ದನ್ನು ಹೆಗ್ಡೆ ಕೇಳಿಸಲಿಲ್ಲ ಅನ್ನುವ ಹಾಗಿರಲಿಲ್ಲ.

ಪುಂಡರೀಕಾಕ್ಷ ಕಿಸೆಯಿಂದ ಕಡ್ಡಿ ತೆಗೆದ. ಅಂಬಾರಾಯರ ಕೈಗೇ ಕೊಟ್ಟ. "ನೀವೇ ಹಾಕಿ. ಬೆಂಕಿ ಒಳಗೆ ಹೋಗುವ ತೂತು ಇದು. ಎಷ್ಟು ಹೋಗ್ತದೆ ನೋಡಿ."

ಕಡ್ಡಿ ಅಕ್ಕಿಕಾಳಿನಷ್ಟು ಹೋಗಿ ನಿಂತಿತು. ಅಂಬಾರಾಯರು ತೆಗೆದು, ಇನ್ನೊಮ್ಮೆ ಹಾಕಿ, ಇನ್ನೊಮ್ಮೆ ತೆಗೆದರು. ಕನ್ನಡಕದ ಮೇಲಿನಿಂದ ಹೆಗ್ಡೆಯನ್ನು ನೋಡಿದರು. ಹೆಗ್ಡೆ ಶಾಲಿನ ಅಂಚು ಸರಿಮಾಡಿಕೊಳ್ಳುತ್ತಿದ್ದ.

"ಇದರಿಂದ ಒಂದು ಕಾಗೆಯನ್ನೂ ಹೊಡೆದಿಲ್ಲ, ಹೊಡೆಯಲಿಕ್ಕೆ ಆಗುವುದೂ ಇಲ್ಲ," ಎಂದ ಪುಂಡರೀಕಾಕ್ಷ. "ಎರಡು ಸಾವಿರದ ಒಂದರಲ್ಲಿ ಡೊಂಬಿವಲಿಯಲ್ಲಿ ಅಂಗಾರ ಮಾಡಿದ್ದು. ಈ ಹೂ ಅಬ್ಬಲಿಗೆ. ಊರಲ್ಲಿ ಅವನ ತಾಯಿ ಮುಡಿಯುತ್ತಿದ್ದದ್ದು. ನೀವು ಇಷ್ಟು ಹೊತ್ತು ಹೊಗಳಿದಿರಲ್ಲ, ಆ ಕೈಯವನು ಈಗಿನವನೇ, ಈಗಷ್ಟೇ ನಿಮ್ಮ ಮುಂದೆಯೇ ಕೂತಿದ್ದ. ನಕಲು ಅಂತ ಮೂವತ್ತೆಂಟು ಸಲ ಬರೆದವನು ನಾನು. ಇದು ಚಂದ ಉಂಟು, ಇದಕ್ಕಿಂತ ಚಂದ ನಾನು ನೋಡಿಲ್ಲ ಅಂತ ಒಂದು ಸಲವೂ ಬರೆಯಲಿಲ್ಲ. ಈಗ ಹೇಳುತ್ತಿದ್ದೇನೆ. ಯಾರಾದರೂ ಬರೆದುಕೊಳ್ಳಿ."

ಸಭೆಯಲ್ಲಿ ಗುಸುಗುಸು ಎದ್ದಿತು. ಊರ್ಮಿಳಾ ಮುಂದಿನ ಸಾಲಿನಿಂದ ಎದ್ದು ಬಂದು, ಯಾರನ್ನೂ ಕೇಳದೆ ಪೆಟ್ಟಿಗೆಯ ಪಕ್ಕದ ಕಾರ್ಡನ್ನು ತೆಗೆದು ತನ್ನ ಪರ್ಸಿನೊಳಗೆ ಹಾಕಿಕೊಂಡಳು. ಗಂಡನ ಮುಖ ನೋಡಲಿಲ್ಲ.

"ಮಾಡಿದವರನ್ನ ಕರೀರಿ," ಎಂದರು ಅಂಬಾರಾಯರು. ಮುಖ ಬಾಡಿತ್ತು. "ನನ್ನಿಂದ ತಪ್ಪಾತು. ಶಾಲು ಇಲ್ಲೇ ಐತಿ. ನಾನೇ ಹೊದಿಸ್ತೀನಿ, ಕರ್ಕೊಂಡು ಬರ್ರಿ."

ಪುಂಡರೀಕಾಕ್ಷ ಹೊರಗೆ ಬಂದ. ಚಪ್ಪಲಿಗಳ ರಾಶಿಯಲ್ಲಿ ಅಂಗಾರನದ್ದು ಇರಲಿಲ್ಲ. ಗೇಟಿನ ವಾಚ್‌ಮನ್, ಬಿಳಿ ಅಂಗಿಯವರು ಸ್ಟೇಶನ್ ಕಡೆ ಹೋದರು ಎಂದ. ಸ್ಟೇಶನ್ನಿಗೆ ಬರುವಾಗ ಠಾಣೆಯ ಗಾಡಿ ಹೊರಟು ಹೋಗಿ ಪ್ಲಾಟ್‌ಫಾರ್ಮು ಖಾಲಿಯಿತ್ತು. ಫೋನು ಹಚ್ಚಿದ. ಸ್ವಿಚ್ ಆಫ್.

ಸಭೆಯಲ್ಲಿ ಹತ್ತು ನಿಮಿಷ ಕಾದರು. ಆಮೇಲೆ ಮಕ್ಕಳ ಕುಣಿತ ಶುರುವಾಯಿತು. ಅಂಬಾರಾಯರು ಶಾಲನ್ನು ಮಡಚಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ತೊಡೆಯ ಮೇಲೆ ಇಟ್ಟುಕೊಂಡು ಸಂಜೆಯವರೆಗೆ ಕೂತಿದ್ದರಂತೆ.

ಮರುದಿನ ಪುಂಡರೀಕಾಕ್ಷ ಗಾಲಾಕ್ಕೆ ಹೋದ. ಬೀಗ. ಮಂಗಳವಾರ ಹೋದ, ಬೀಗ. ಬುಧವಾರ ಜಯಲತಾ ಬಂದು ಕೀಲಿ ಕೊಟ್ಟಳು.

"ಗಾಲಾ ಖಾಲಿ ಮಾಡ್ಲಿಕ್ಕೆ ಇವರೇ ಹೇಳಿದ್ದಾರೆ ಅಣ್ಣ. ಪನವೇಲದಲ್ಲಿ ಕಿಟಕಿ ಗ್ರಿಲ್ ಮಾಡುವವರ ಹತ್ರ ಕೆಲಸಕ್ಕೆ ಹೋಗ್ತಾರೆ ಇನ್ನು."

"ನಾನು ಎಲ್ಲರ ಮುಂದೆ ಹೇಳಿದೆ ಅಂತ ನಿನಗೆ ಫೋನಿನಲ್ಲಿ ಹೇಳಿದ್ದೆನಲ್ಲ, ಅದನ್ನು ಅವನಿಗೆ ಹೇಳಿದ್ಯಾ ನೀನು? ಚಂದ ಉಂಟು ಅಂತ ಹೇಳಿದೆ ಅಂತ?"

"ಹೇಳಿದೆ."

"ಎಂತ ಅಂದ?"

ಜಯಲತಾ ಸ್ಟೂಲಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದಳು. "ಎಂತದೂ ಅನ್ನಲಿಲ್ಲ. ಊಟ ಮಾಡ್ತಾ ಇದ್ದರು. ಉಪ್ಪು ಹಾಕು ಅಂದರು."

ಮೇಜಿನ ವೈಸಿನ ಹಿಡಿತದಲ್ಲಿ ಹೊಸ ನಳಿಗೆ ಸಿಕ್ಕಿಸಿದ್ದು ಹಾಗೆಯೇ ಇತ್ತು. ಬಳ್ಳಿ ಒಂದು ಗೇಣು ಬಂದು ನಿಂತಿತ್ತು. ಪುಂಡರೀಕಾಕ್ಷ ಅದನ್ನು ಬಿಚ್ಚಿ ತಿರುಗಿಸಿ ಅಡಿಯನ್ನು ನೋಡಿದ. ಮೂರು ಚುಕ್ಕಿ, 'ಅಂ', ಇಸವಿಯ ಗುರುತು ಇನ್ನೂ ಕುಟ್ಟಿರಲಿಲ್ಲ.